ಗಂಡ ಪಾಸ್ಟರ್ ಆಗಿರದಿದ್ದರೆ ನಾನು ನಂಬುತ್ತಿದ್ದೆನೇ?

ಈ ಪ್ರಶ್ನೆ ನನಗೆ ನಾನಾ ರೂಪಗಳಲ್ಲಿ ಎದುರಾಗುತ್ತದೆ. "ಯಜಮಾನರು ಪಾಸ್ಟರ್ ಅಂದಮೇಲೆ ನೀವು ಚರ್ಚಿಗೆ ಹೋಗಲೇಬೇಕಲ್ಲವೇ?" ಎಂದು ನಯವಾಗಿ ಕೇಳುವವರಿದ್ದಾರೆ, "ಅವರಿಗೇನೋ ಅದು ಉದ್ಯೋಗ, ನಿಮಗೆ?" ಎಂದು ನೇರವಾಗಿ ಕೇಳುವವರೂ ಇದ್ದಾರೆ. ಉತ್ತರ ಹೇಳಿ ಹೇಳಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ. ಹೌದು, ನಂಬುತ್ತಿದ್ದೆ. ಇಷ್ಟಕ್ಕೇ ತೃಪ್ತರಾಗುವವರು ಮುಂದೆ ಓದಬೇಕಾಗಿಲ್ಲ.

ನಾನು ರಾಯಚೂರಿನ ಮೆಥೊಡಿಸ್ಟ್ ಮನೆಯ ಮಗಳು. ಸೊಸೆಯಾಗಿ ಬಂದದ್ದು ಗಡಿಯಾಚೆಯ ತೆಲಂಗಾಣದ ಮಹಬೂಬ್‌ನಗರ ಜಿಲ್ಲೆಯ ಒಂದು ಮೆನೊನೈಟ್ ಬ್ರದರನ್ ಸಭೆಗೆ. ಮೆನೊನೈಟ್ ಎಂದರೆ ಅಮೆರಿಕದಲ್ಲಿ ಕುದುರೆಗಾಡಿ ಓಡಿಸುವವರು ಎಂದಷ್ಟೇ ತಿಳಿದವರಿಗೆ ಒಂದು ಮಾತು: ಮೆನೊನೈಟರದು ಒಂದು ಪ್ರೊಟೆಸ್ಟಂಟ್ ಕ್ರೈಸ್ತ ಪಂಗಡ, ಅದರಲ್ಲಿ ನಮ್ಮ ಶಾಖೆ ಹುಟ್ಟಿದ್ದು 1860ರಲ್ಲಿ, ಅಂದಿನ ದಕ್ಷಿಣ ರಷ್ಯಾದ, ಇಂದಿನ ಉಕ್ರೇನಿನ ಮೊಲೊಚ್ನಾ ಪ್ರದೇಶದಲ್ಲಿ. ಅಲ್ಲಿಂದ ಅಬ್ರಹಾಂ ಮತ್ತು ಮರಿಯಾ ಫ್ರೀಸೆನ್ ದಂಪತಿ 1889ರಲ್ಲಿ ಭಾರತಕ್ಕೆ ಬಂದು ನಲ್ಗೊಂಡದಲ್ಲಿ ಸೇವೆ ನಡೆಸಿದರು. ನಮ್ಮಲ್ಲಿ ಕುದುರೆಗಾಡಿ ಎಂದೂ ಇರಲಿಲ್ಲ.

ರಾಯಚೂರಿನಲ್ಲಿ ನೆಂಟರ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ ಕಾಕಾ ಒಬ್ಬರು ಎಲ್ಲರಿಗೂ ಕೇಳಿಸುವಂತೆ, "ಅಲ್ಲವ್ವ, ನಿನ್ನ ಗಂಡ ಬ್ಯಾಂಕಿನಾಗ ಇದ್ದಿದ್ರ ನೀ ಇಷ್ಟು ಪ್ರಾರ್ಥನಾ ಮಾಡ್ತಿದ್ದೇನು?" ಎಂದರು. ಸುತ್ತಲಿನವರು ನಕ್ಕರು. ಹಿರಿಯರು ಎಂಬ ಕಾರಣಕ್ಕೆ ನಾನು ಸುಮ್ಮನಿದ್ದೆ. ಆದರೆ ಅದೇ ಸಾಲಿನಲ್ಲಿ ಕುಳಿತು ಅದೇ ಅನ್ನ ಉಣ್ಣುತ್ತಿದ್ದ ನನ್ನ ಗಂಡನನ್ನು "ಹೆಂಡತಿ ಇಂಥವಳಾಗಿರದಿದ್ದರೆ ನೀನು ನಂಬುತ್ತಿದ್ದೆಯಾ?" ಎಂದು ಯಾರೂ ಕೇಳಲಿಲ್ಲ, ಇಂದಿನವರೆಗೂ ಕೇಳಿಲ್ಲ. ಗಂಡಸಿನ ನಂಬಿಕೆ ಅವನದೇ, ಹೆಂಗಸಿನದು ಮಾತ್ರ ತಾಳಿಯ ಜೊತೆ ಬಂದದ್ದು ಎಂಬ ಎಣಿಕೆ ಆ ನಗೆಯಲ್ಲಿತ್ತು. ನನಗೆ ನೋವಾದದ್ದು ಅದಕ್ಕೆ.

ಈ ಎಣಿಕೆ ನಮ್ಮ ಸಭೆಯ ಬುಡಕ್ಕೇ ವಿರುದ್ಧವಾದದ್ದು. 1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಒಂದು ಮನೆಯಲ್ಲಿ ನಮ್ಮ ಪಂಗಡದ ಮೂಲದವರಾದ ಕೆಲವರು ಸೇರಿ, ಕೂಸಾಗಿದ್ದಾಗ ಇನ್ನೊಬ್ಬರು ಮಾಡಿಸಿದ ದೀಕ್ಷಾಸ್ನಾನ, ಅಂದರೆ ಕ್ರೈಸ್ತ ಸಭೆಗೆ ಸೇರಿಸುವ ನೀರಿನ ಸಂಸ್ಕಾರ, ತಮ್ಮದಲ್ಲವೆಂದು ತೀರ್ಮಾನಿಸಿ, ತಾವೇ ನಂಬಿಕೆಯನ್ನು ಅರಿಕೆ ಮಾಡಿ ಮತ್ತೆ ದೀಕ್ಷಾಸ್ನಾನ ಪಡೆದರು. ಅದಕ್ಕಾಗಿ ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾಂಜ್‌ನನ್ನು ಎರಡೇ ವರ್ಷಗಳಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ತಂದೆ ಮಗನಿಗಾಗಿ ನಂಬಲಾರ, ದೊರೆ ಪ್ರಜೆಗಾಗಿ ನಂಬಲಾರ, ಗಂಡ ಹೆಂಡತಿಗಾಗಿ ನಂಬಲಾರ ಎಂಬುದೇ ಅವರ ವಾದವಾಗಿತ್ತು. ನಾನೂ ಮದುವೆಗೆ ಮುನ್ನ ಸಭೆಯ ಹಿರಿಯರ ಎದುರು ಒಬ್ಬಳೇ ನಿಂತು ಸಾಕ್ಷಿ ಹೇಳಿ, ಕೆರೆಯ ನೀರಿನಲ್ಲಿ ಪೂರ್ತಿ ಮುಳುಗಿ ಎದ್ದವಳು. ನನ್ನನ್ನು ಮದುವೆಯಾಗಲಿದ್ದವರು ದಡದಲ್ಲಿದ್ದರು. ನನ್ನ ಪರವಾಗಿ ಒಂದು ಮಾತು ಹೇಳಲೂ ಅವರಿಗೆ ಅವಕಾಶವಿರಲಿಲ್ಲ.

ಇನ್ನೂ ಸಂಶಯವಿರುವವರು ಮೈಕನ್ ವೆನ್ಸ್ ಎಂಬಾಕೆಯ ಕಥೆ ಕೇಳಬೇಕು. ಇಂದಿನ ಬೆಲ್ಜಿಯಂನ ಆಂಟ್‌ವರ್ಪಿನಲ್ಲಿ ಗಾರೆ ಕೆಲಸ ಮಾಡುತ್ತ ಸಭೆಗೆ ಉಪದೇಶಕನೂ ಆಗಿದ್ದ ಮತ್ತೇಯಸ್ ವೆನ್ಸ್‌ನ ಹೆಂಡತಿ ಆಕೆ. 1573ರಲ್ಲಿ ಇದೇ ನಂಬಿಕೆಗಾಗಿ ಆಕೆಯನ್ನು ಸೆರೆಹಿಡಿದು ಹಿಂಸಿಸಿದರು. ಆಕೆ ನಂಬಿಕೆಯನ್ನು ಬಿಡಲಿಲ್ಲ. ಸೆರೆಮನೆಯಿಂದಲೇ ಗಂಡನಿಗೂ ಮಗನಿಗೂ ಕಾಗದ ಬರೆದಳು. ಸಾಯುವ ಹೊತ್ತಿಗೆ ನೆರೆದ ಜನರೊಂದಿಗೆ ಮಾತಾಡಬಾರದೆಂದು ನಾಲಗೆಗೆ ಕಬ್ಬಿಣದ ತಿರುಪು ಬಿಗಿದು, ಅಕ್ಟೋಬರ್ 6ರಂದು ಸುಟ್ಟರು. ಹದಿನೈದರ ಹಿರಿಯ ಮಗ ಏಡ್ರಿಯನ್ ಪುಟ್ಟ ತಮ್ಮನನ್ನು ಕರೆದುಕೊಂಡು ಬಂದು ಬೆಂಚಿನ ಮೇಲೆ ನಿಂತಿದ್ದವನು ಎಚ್ಚರ ತಪ್ಪಿ ಬಿದ್ದ. ಎಲ್ಲ ಮುಗಿದ ಮೇಲೆ ಬೂದಿ ಕೆದಕಿ ಆ ತಿರುಪನ್ನು ಹುಡುಕಿ ತೆಗೆದುಕೊಂಡ. ಉಪದೇಶಕನ ಹೆಂಡತಿ ಎಂಬ ಕಾರಣಕ್ಕೆ ಆಕೆ ನಂಬಿದ್ದಳು ಎಂದು ಆ ಬೂದಿಯ ಮುಂದೆ ನಿಂತು ಯಾರು ಹೇಳಿಯಾರು? ಬಾಯಿ ಕಟ್ಟಬೇಕಾದಷ್ಟು ಮಾತು ಆಕೆಯ ಬಳಿ ಇತ್ತು.

ನನ್ನ ಬದುಕು ಅಷ್ಟು ಕಠಿಣವಲ್ಲ. ಸಭೆಯಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಕರ್ತನ ಭೋಜನದ ಹಿಂದಿನ ಸಂಜೆ ಕಪ್ಪು ದ್ರಾಕ್ಷಿಯನ್ನು ಕುದಿಸಿ, ಕಿವುಚಿ, ಬಿಳಿ ಬಟ್ಟೆಯಲ್ಲಿ ಸೋಸುತ್ತೇನೆ. ಹಿಂಡುವಾಗ ಬೆರಳ ಸಂದುಗಳಿಗೆ ಹಿಡಿದ ಕೆನ್ನೇರಳೆ ಬಣ್ಣ ಮರುದಿನ ಆರಾಧನೆಯ ಹೊತ್ತಿಗೂ ಹೋಗಿರುವುದಿಲ್ಲ. ಹೆರಿಗೆಯಾದ ಮನೆಗೂ ಸಾವಾದ ಮನೆಗೂ ನಾನೇ ಮೊದಲು ಹೋಗುತ್ತೇನೆ. ಇಲ್ಲಿ ಎಲ್ಲರೂ ನನ್ನನ್ನು ಪಾಸ್ಟರಮ್ಮ ಎನ್ನುತ್ತಾರೆ. ಈ ಕೆಲಸಕ್ಕೆ ಸಂಬಳವಿಲ್ಲ, ನಾನು ಕೇಳಿದವಳೂ ಅಲ್ಲ.

ನಿಜವಾಗಿ ನನ್ನನ್ನು ಕೇಳಬೇಕಾದದ್ದು ಬೇರೆ. ಶತ್ರುವನ್ನು ಪ್ರೀತಿಸಿ, ಕತ್ತಿ ಹಿಡಿಯಬೇಡಿ ಎನ್ನುವ ಸಭೆ ನಿಮ್ಮದು. ಆ ಮಾತು ನಿಮ್ಮ ಮನೆಯ ಬಾಗಿಲಲ್ಲಿ ಹೇಗೆ ನಿಲ್ಲುತ್ತದೆ ಎಂದು ಕೇಳಿ. ಒಂದು ರಾತ್ರಿ ಗಂಡನ ಏಟಿಗೆ ತುಟಿ ಒಡೆದುಕೊಂಡ ಹೆಣ್ಣುಮಗಳೊಬ್ಬಳು ನಮ್ಮ ಮನೆಗೆ ಓಡಿಬಂದಳು. ಹಿಂದೆಯೇ ಅವನು ದೊಣ್ಣೆ ಹಿಡಿದು ಬಂದ. ನನ್ನ ಗಂಡ ಊರಲ್ಲಿರಲಿಲ್ಲ. ಅವಳನ್ನು ಒಳಗೆ ಕೂರಿಸಿ, ಬಾಗಿಲು ಹಾಕಿ, ನಾನು ಹೊರಗೆ ನಿಂತೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಒಳಗೆ ಬಿಡುವುದಿಲ್ಲ ಎಂದೆ. ಅವನಿಗೆ ಕುಡಿಯಲು ನೀರು ಬೇಕೇ ಎಂದೂ ಕೇಳಿದೆ. ಎರಡನ್ನೂ ಮನಸ್ಸಿಟ್ಟೇ ಹೇಳಿದ್ದೆ. ಬಹಳ ಹೊತ್ತು ಬೈದು ಅವನು ಹೊರಟುಹೋದ. ಬೆಳಿಗ್ಗೆ ಅವಳನ್ನು ತವರಿಗೆ ಕಳಿಸಿದೆವು. ಕ್ಷಮೆಯ ಹೆಸರು ಹೇಳಿ ಪೆಟ್ಟು ತಿಂದವಳನ್ನು ಪೆಟ್ಟು ಕೊಟ್ಟವನ ಮನೆಗೆ ಹಿಂದಿರುಗಿಸುವುದನ್ನು ನಾನು ಶಾಂತಿ ಎಂದು ಒಪ್ಪುವುದಿಲ್ಲ, ಅದನ್ನು ಹೇಳುವವರು ಎಷ್ಟೇ ದೊಡ್ಡ ಬೋಧಕರಾಗಿರಲಿ. ಆ ಮನುಷ್ಯನಿಗಾಗಿ ಇಂದೂ ಹೆಸರು ಹಿಡಿದು ಪ್ರಾರ್ಥಿಸುತ್ತೇನೆ. ಅದು ಸುಲಭವಲ್ಲ, ಗಂಡನ ಉದ್ಯೋಗದಿಂದ ಬರುವಂಥದ್ದೂ ಅಲ್ಲ.

ಈಗ ನಮ್ಮ ದೀಕ್ಷಾಸ್ನಾನದ ತರಗತಿಗೆ ಒಬ್ಬ ಹುಡುಗಿ ಬರುತ್ತಿದ್ದಾಳೆ. ಮದುವೆ ಗೊತ್ತಾಗಿದೆ, ವರನ ಕಡೆಯವರು ಹೇಳಿದ್ದಕ್ಕೆ ಬಂದೆ ಎಂದು ಮೊದಲ ದಿನವೇ ಹೇಳಿದಳು. ಹಾಗಾದರೆ ಇನ್ನೂ ಕಾಯೋಣ, ನಿನಗೇ ಬೇಕೆನಿಸಿದ ದಿನ ಹೇಳು, ಬೇಡವೆನಿಸಿದರೂ ಹೇಳು ಎಂದಿದ್ದೇನೆ. ವರನ ತಾಯಿ ನಮ್ಮ ಮನೆಗೆ ಬಂದು, ಪಾಸ್ಟರಮ್ಮನಾಗಿ ನೀವೇ ಹೀಗೆ ಹೇಳಬಹುದೇ ಎಂದು ಸಿಟ್ಟಾದರು. ಹೇಳಬಹುದು ಎಂದೆ. ಹುಡುಗಿ ತರಗತಿಗೆ ಬರುವುದನ್ನು ಬಿಟ್ಟಿಲ್ಲ. ಈ ವಾರ ಅವಳು ಕೇಳಿದ ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲಿ ನಾನೂ ನನ್ನ ಗಂಡನೂ ತೊಡಗಿದ್ದೇವೆ.