ಮೆರಿಡೆನ್ ಹಳ್ಳಿಯ ನಡು ಯಾವುದು?
ಇಂಗ್ಲೆಂಡಿನ ಕವೆಂಟ್ರಿ ಸಮೀಪದ ಮೆರಿಡೆನ್ ಹಳ್ಳಿಯು ದೇಶದ ನಟ್ಟನಡುವೆ ತಾನೇ ಇರುವುದೆಂದು ತಲೆತಲಾಂತರದಿಂದ ಹೇಳಿಕೊಂಡು ಬಂದಿದೆ. ಊರ ಬಯಲಿನಲ್ಲಿರುವ ಹಳೆಯ ಕಲ್ಲಿನ ಶಿಲುಬೆಯೇ ಅದರ ಗುರುತು. ಆರ್ಡ್‌ನೆನ್ಸ್ ಸರ್ವೆ ಎಂಬ ಬ್ರಿಟನ್ನಿನ ನಕಾಶೆ ಸಂಸ್ಥೆ 2002ರಲ್ಲಿ ಲೆಕ್ಕ ಹಾಕಿ, ದೇಶದ ನಡುಬಿಂದು ಲೆಸ್ಟರ್‌ಶೈರ್‌ನ ಫೆನ್ನಿ ಡ್ರೇಟನ್ ಬಳಿಯ ಹೊಲವೊಂದರಲ್ಲಿದೆ ಎಂದಿತು.

ಆದರೆ ನನ್ನನ್ನು ಹೆಚ್ಚು ಕಾಡುವುದು ಆ ಹಳ್ಳಿಯದೇ ನಡು. ಆಲ್ಸ್‌ಪಾತ್ ಎಂಬ ಹೆಸರಿದ್ದ ಕಾಲದಲ್ಲಿ ಊರು ಗುಡ್ಡದ ಮೇಲಿನ ಸಂತ ಲಾರೆನ್ಸ್ ಚರ್ಚಿನ ಸುತ್ತ ಇತ್ತು. ಕವೆಂಟ್ರಿಯ ಹೆದ್ದಾರಿಯಲ್ಲಿ ಸಂಚಾರ ಬೆಳೆದಂತೆ ವಸತಿಯೂ ಕೆಳಗಿಳಿದು ರಸ್ತೆಯಂಚಿಗೆ ಬಂದಿತು. ಹೀಗಾಗಿ ಇಂದಿನ ನಕಾಶೆಯಲ್ಲಿ ಮನೆಗಳೆಲ್ಲ ಒಂದೆಡೆ, ಚರ್ಚು ಇನ್ನೊಂದೆಡೆ. ಗಡಿಗೆರೆಗಳನ್ನು ಅಳೆದು ತೆಗೆದ ಮಧ್ಯಬಿಂದುವಿಗಿಂತಲೂ, ಊರು ಹುಟ್ಟಿದ ಆ ಗುಡ್ಡವನ್ನೇ ಅದರ ನಿಜವಾದ ನಡುವೆಂದು ಗುರುತಿಸುವುದು ನ್ಯಾಯವೆಂದು ನನಗನಿಸುತ್ತದೆ.