ಆಸ್ಪರಾಗಸ್ ಸಲಾಡನ್ನು ಬೆಳಿಗ್ಗೆಯೇ ಮಾಡಿಡಬಹುದಾ?

ಸಾಸಿವೆ ಡ್ರೆಸ್ಸಿಂಗ್ ಹಾಕಿದ ಆಸ್ಪರಾಗಸ್ ಸಲಾಡ್ ಬಗ್ಗೆ ಮಾತು ಬಂದರೆ ಜನ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ರಾತ್ರಿ ಊಟಕ್ಕೆ ಯಾರೋ ಬರುತ್ತಾರೆ, ಬೆಳಿಗ್ಗೆಯೇ ಮಾಡಿ ಫ್ರಿಜ್‌ನಲ್ಲಿ ಇಟ್ಟುಬಿಟ್ಟರೆ ಆಗಲ್ವಾ? ಇಟ್ಟು ನೋಡಿದವರ ದೂರೂ ಒಂದೇ ತರಹ ಇರುತ್ತದೆ. ಹಸಿರು ಹೋಗಿ ಮಾಸಲು ಬಣ್ಣ ಬಂತು, ತಟ್ಟೆಯ ತಳದಲ್ಲಿ ನೀರು ನಿಂತಿತ್ತು, ಸಾಸಿವೆಯ ಘಾಟೇ ಇರಲಿಲ್ಲ.

ಮಾಡಿಡಬಹುದು, ಆದರೆ ಬೇರೆ ಬೇರೆಯಾಗಿ. ಬೇಯಿಸಿದ ಆಸ್ಪರಾಗಸ್ ಒಂದು ಡಬ್ಬಿಯಲ್ಲಿ, ಡ್ರೆಸ್ಸಿಂಗ್ ಇನ್ನೊಂದು ಬಾಟಲಿಯಲ್ಲಿ. ಅವೆರಡೂ ಸೇರಬೇಕಾದ್ದು ಬಡಿಸುವ ಹೊತ್ತಿಗೆ ಮಾತ್ರ. ಈ ಸಲಾಡ್‌ನಲ್ಲಿ ನಾನು ಬಿಡದೆ ಪಾಲಿಸುವ ನಿಯಮ ಇದೊಂದೇ.

ಮೊದಲು ಬಣ್ಣದ ವಿಷಯ. ಹಸಿರು ಬರುವುದು ಕ್ಲೋರೊಫಿಲ್‌ನಿಂದ. ಅದರ ನಡುವೆ ಒಂದು ಮೆಗ್ನೀಸಿಯಮ್ ಪರಮಾಣು ಕೂತಿರುತ್ತದೆ. ಹುಳಿ ತಾಗಿದಾಗ ಆ ಮೆಗ್ನೀಸಿಯಮ್ ಜಾಗ ಬಿಡುತ್ತದೆ, ಅಲ್ಲಿಗೆ ಹೈಡ್ರೋಜನ್ ಬಂದು ಸೇರುತ್ತದೆ. ಆಮೇಲೆ ಅದು ಕ್ಲೋರೊಫಿಲ್ ಆಗಿ ಉಳಿಯುವುದಿಲ್ಲ, ಫಿಯೊಫೈಟಿನ್ ಎಂಬ ಮಂಕು ಬಣ್ಣದ ವಸ್ತುವಾಗುತ್ತದೆ. ಹಸಿ ದಂಟಿನಲ್ಲಿ ಹುಳಿ ಒಳಗೆ ಇಳಿಯುವುದು ನಿಧಾನ. ಬೆಂದ ದಂಟಿನಲ್ಲಿ ಜೀವಕೋಶಗಳ ಗೋಡೆ ಸಡಿಲವಾಗಿರುತ್ತದೆ, ಹಾಗಾಗಿ ವಿನೆಗರ್ ಆಗಲಿ ನಿಂಬೆರಸ ಆಗಲಿ ಬೇಗ ಇಳಿಯುತ್ತದೆ. ಒಮ್ಮೆ ಹೋದ ಹಸಿರನ್ನು ವಾಪಸ್ ತರಲು ಆಗುವುದಿಲ್ಲ. ಅಡುಗೆ ಸೋಡಾ ಹಾಕಿ ಬೇಯಿಸಿದರೆ ಬಣ್ಣ ನಿಲ್ಲುತ್ತದೆ ಅಂತ ಕೆಲವರು ಹೇಳುತ್ತಾರೆ. ನಿಲ್ಲುತ್ತದೆ ನಿಜ, ಆದರೆ ದಂಟು ಮೆತ್ತಗಾಗಿ ಹಿಸುಕಿದ ಹಾಗೆ ಆಗುತ್ತದೆ. ದಯವಿಟ್ಟು ಹಾಕಬೇಡಿ.

ಕುದಿನೀರಿಗೆ ಬಿದ್ದ ಮೊದಲ ಅರ್ಧ ನಿಮಿಷದಲ್ಲಿ ಆಸ್ಪರಾಗಸ್ ಇದ್ದದ್ದಕ್ಕಿಂತ ಜಾಸ್ತಿ ಹಸಿರಾಗುತ್ತದೆ, ಗಮನಿಸಿದ್ದೀರಾ? ಜೀವಕೋಶಗಳ ಸಂದಿಯಲ್ಲಿದ್ದ ಗಾಳಿ ಹೊರಗೆ ಹೋಗುವುದರಿಂದ ಹಾಗಾಗುತ್ತದೆ. ನಮಗೆ ಬೇಕಾದ್ದು ಆ ಹಸಿರೇ. ಅದನ್ನು ಹಿಡಿದಿಡಲು ನೀರು ಜಾಸ್ತಿ ಇರಬೇಕು, ಬೇಯುವ ಹೊತ್ತು ಕಡಿಮೆ ಇರಬೇಕು. ಅರ್ಧ ಕೆಜಿ ಆಸ್ಪರಾಗಸ್‌ಗೆ 3 ಲೀಟರ್ ನೀರು, 2 ದೊಡ್ಡ ಚಮಚ ಉಪ್ಪು. ಪಾತ್ರೆಗೆ ಮುಚ್ಚಳ ಬೇಡ, ತರಕಾರಿಯಿಂದಲೇ ಹೊರಡುವ ಹುಳಿ ಆವಿಯ ಜೊತೆ ಹೋಗಿಬಿಡಲಿ. ತೆಳ್ಳಗಿನ ದಂಟಿಗೆ ಒಂದೂವರೆಯಿಂದ 2 ನಿಮಿಷ, ದಪ್ಪದ್ದಕ್ಕೆ 3ರಿಂದ 4 ನಿಮಿಷ. ರೋಮ್ ಸಾಮ್ರಾಟ ಆಗಸ್ಟಸ್ ಯಾವುದಾದರೂ ಕೆಲಸ ಬೇಗ ಆಗಬೇಕೆಂದರೆ ‘ಆಸ್ಪರಾಗಸ್ ಬೇಯುವಷ್ಟರಲ್ಲಿ ಮುಗಿಯಲಿ’ ಎನ್ನುತ್ತಿದ್ದನಂತೆ. ಎರಡು ಸಾವಿರ ವರ್ಷದ ಹಿಂದೆಯೇ ಜನ ಇದನ್ನು ಜಾಸ್ತಿ ಬೇಯಿಸುತ್ತಿರಲಿಲ್ಲ ಎಂದು ಇದರಿಂದ ಗೊತ್ತಾಗುತ್ತದೆ. ಗಡಿಯಾರಕ್ಕಿಂತ ನಾನು ನಂಬುವುದು ಚಾಕುವನ್ನು. ಒಂದು ದಂಟನ್ನು ಮೇಲೆತ್ತಿ, ಬುಡಕ್ಕೆ ಚಾಕುವಿನ ತುದಿ ಚುಚ್ಚಿ ನೋಡಿ. ಸ್ವಲ್ಪ ತಡೆದು ಒಳಗೆ ಹೋದರೆ ಹದ ಸರಿ ಇದೆ. ತಡೆಯದೆ ಇಳಿದುಹೋದರೆ ಹೊತ್ತು ಮೀರಿದೆ.

ಬೆಂದ ತಕ್ಷಣ ಐಸ್ ನೀರಿಗೆ ಹಾಕಿ. ಎರಡು ನಿಮಿಷ ಸಾಕು, ತಣ್ಣಗಾದ ಮೇಲೂ ಅಲ್ಲೇ ಬಿಟ್ಟರೆ ರುಚಿ ನೀರಿಗೆ ಹೋಗುತ್ತದೆ. ಇಷ್ಟರ ತನಕ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ಎಡವುವುದು ಒರೆಸುವುದರಲ್ಲಿ. ಆಸ್ಪರಾಗಸ್‌ನ ತುದಿಯಲ್ಲಿ ಸಣ್ಣ ಸಣ್ಣ ಎಸಳು ಒಂದರ ಮೇಲೊಂದು ಮುಚ್ಚಿಕೊಂಡಿರುತ್ತವೆ. ಅವುಗಳ ಸಂದಿಯಲ್ಲಿ ನೀರು ಅಡಗಿರುತ್ತದೆ. ಮೇಲಿಂದ ನೋಡಿದರೆ ಒಣಗಿದ ಹಾಗೇ ಕಾಣುತ್ತದೆ. ಒಂದು ತುದಿಯನ್ನು ಬಟ್ಟೆಯ ಮೇಲೆ ಮೆಲ್ಲಗೆ ಒತ್ತಿ, ಒದ್ದೆ ಗುರುತು ಬೀಳುತ್ತದೆ. ಹಾಗಾಗಿ ದಂಟುಗಳನ್ನು ತುದಿ ಕೆಳಗೆ ಮಾಡಿ ಒಂದು ಗಳಿಗೆ ಹಿಡಿದು, ಆಮೇಲೆ ಒಣಬಟ್ಟೆಯ ಮೇಲೆ ಒಂದೇ ಸಾಲಿನಲ್ಲಿ ಹರಡಿ. ಹತ್ತು ನಿಮಿಷ ಬಿಟ್ಟು ಹೊರಳಿಸಿ. ನೀರು ಇರುವ ದಂಟಿಗೆ ಎಣ್ಣೆ ಹಿಡಿಯುವುದಿಲ್ಲ, ಜಾರಿ ಕೆಳಗೆ ಹೋಗುತ್ತದೆ. ತಟ್ಟೆಯ ತಳದಲ್ಲಿ ನಿಲ್ಲುವ ನೀರಿನಲ್ಲಿ ಅರ್ಧ ಇದೇ. ಉಳಿದರ್ಧ ಡ್ರೆಸ್ಸಿಂಗ್‌ನ ಉಪ್ಪು ದಂಟಿನಿಂದ ಎಳೆದು ತಂದದ್ದು, ಅದಕ್ಕೂ ಮದ್ದು ಕೊನೆಗೆ ಬೆರೆಸುವುದೇ. ಒರೆಸಿದ ದಂಟನ್ನು ಒಣಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ರಾತ್ರಿಯ ತನಕ ಫ್ರಿಜ್‌ನಲ್ಲಿ ಚೆನ್ನಾಗಿಯೇ ಇರುತ್ತದೆ.

ಇನ್ನು ಡ್ರೆಸ್ಸಿಂಗ್. ಅರ್ಧ ಕೆಜಿಗೆ 2 ಚಿಕ್ಕ ಚಮಚ ಡಿಜಾನ್ ಮಸ್ಟರ್ಡ್ (ಫ್ರೆಂಚ್ ಬಗೆಯ ಸಾಸಿವೆ ಪೇಸ್ಟ್), 1 ದೊಡ್ಡ ಚಮಚ ವಿನೆಗರ್ ಅಥವಾ ನಿಂಬೆರಸ, ಕಾಲು ಚಿಕ್ಕ ಚಮಚ ಉಪ್ಪು, 3 ದೊಡ್ಡ ಚಮಚ ಆಲಿವ್ ಎಣ್ಣೆ, ಸ್ವಲ್ಪ ಕರಿಮೆಣಸಿನ ಪುಡಿ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ಆದ್ದರಿಂದ ಮೊದಲು ವಿನೆಗರ್‌ನಲ್ಲಿ ಕರಗಿಸಿ. ಆಮೇಲೆ ಸಾಸಿವೆ. ಎಣ್ಣೆ ಕೊನೆಗೆ, ಶುರುವಿನಲ್ಲಿ ಹನಿಹನಿಯಾಗಿ, ಕಲಕುತ್ತಲೇ ಇರಬೇಕು. ಸಾಸಿವೆ ಕಾಳಿನ ಸಿಪ್ಪೆಯಲ್ಲಿ ಲೋಳೆಯಂಥ ಅಂಶವಿದೆ. ಎಣ್ಣೆಯ ಸಣ್ಣ ಹನಿಗಳು ಮತ್ತೆ ಒಂದಾಗದಂತೆ ತಡೆಯುವುದು ಅದೇ. ಹಾಗಾಗಿ ಸಾಸಿವೆ ಇಲ್ಲಿ ಬರೀ ರುಚಿಗಲ್ಲ, ಎಣ್ಣೆಯನ್ನೂ ವಿನೆಗರನ್ನೂ ಹಿಡಿದಿಡುವುದಕ್ಕೂ ಬೇಕು. ಸಂಜೆ ಹೊತ್ತಿಗೆ ಸ್ವಲ್ಪ ಬೇರೆಯಾದರೂ ಚಿಂತೆ ಇಲ್ಲ, ಬಾಟಲಿ ಕುಲುಕಿದರೆ ಕೂಡಿಕೊಳ್ಳುತ್ತದೆ. ಆಲಿವ್ ಎಣ್ಣೆ ಫ್ರಿಜ್‌ನಲ್ಲಿ ಗಟ್ಟಿಯಾಗುತ್ತದೆ, ಅರ್ಧ ಗಂಟೆ ಮೊದಲೇ ಹೊರಗೆ ಇಡಿ. ಆಸ್ಪರಾಗಸ್ಸನ್ನೂ ಜೊತೆಗೇ ತೆಗೆಯಿರಿ, ತೀರಾ ತಣ್ಣಗಿದ್ದರೆ ರುಚಿಯೇ ಗೊತ್ತಾಗುವುದಿಲ್ಲ.

ಡಿಜಾನ್ ಸಿಗದವರು ಸಾಸಿವೆ ಪುಡಿಯಿಂದಲೂ ಮಾಡಬಹುದು. ಆದರೆ ಕ್ರಮ ತಪ್ಪಬಾರದು. ಸಾಸಿವೆ ಕಾಳನ್ನು ಹಾಗೇ ಬಾಯಿಗೆ ಹಾಕಿಕೊಂಡರೆ ಘಾಟು ಇರುವುದಿಲ್ಲ ಅಲ್ವಾ? ಕಾಳು ಒಡೆದು ನೀರು ತಾಗಿದಾಗ ಅದರಲ್ಲಿರುವ ಮೈರೋಸಿನೇಸ್ ಎಂಬ ಕಿಣ್ವ ಕೆಲಸ ಶುರು ಮಾಡುತ್ತದೆ, ಆಗ ಮಾತ್ರ ಘಾಟು ಹುಟ್ಟುತ್ತದೆ. ಬಿಸಿನೀರು ಆ ಕಿಣ್ವವನ್ನು ಕೊಲ್ಲುತ್ತದೆ, ಹುಳಿ ಅದನ್ನು ತಡೆಯುತ್ತದೆ. ಆದ್ದರಿಂದ ಪುಡಿಯನ್ನು ತಣ್ಣೀರಿನಲ್ಲಿ ಕಲಸಿ 10 ನಿಮಿಷ ಸುಮ್ನೆ ಬಿಡಿ. ಘಾಟು ಮೂಗಿಗೆ ಏರಿದ ಮೇಲೆ ವಿನೆಗರ್ ಹಾಕಿ, ಆಗ ಅದು ಅಲ್ಲಿಗೇ ನಿಲ್ಲುತ್ತದೆ. ಈ ಘಾಟು ಗಾಳಿಗೆ ಹಾರಿಹೋಗುವಂಥದ್ದು. ಬೆಳಿಗ್ಗೆ ಬೆರೆಸಿ ತೆರೆದ ತಟ್ಟೆಯಲ್ಲಿ ಇಟ್ಟ ಸಲಾಡ್‌ನಲ್ಲಿ ರಾತ್ರಿಗೆ ಸಾಸಿವೆ ಸಪ್ಪೆಯಾಗುವುದು ಇದಕ್ಕೇ. ಬಾಟಲಿಯಲ್ಲಿ, ಮುಚ್ಚಳ ಬಿಗಿಯಾಗಿದ್ದರೆ, ಬಹಳ ಮಟ್ಟಿಗೆ ಉಳಿಯುತ್ತದೆ.

ಕೊಳ್ಳುವಾಗ ತುದಿ ಬಿಗಿಯಾಗಿ ಮುಚ್ಚಿರುವುದನ್ನು ನೋಡಿ. ದಪ್ಪ ದಂಟು ಎಂದರೆ ಬಲಿತದ್ದು ಎಂದು ತಿಳಿಯಬೇಡಿ. ದಂಟು ನೆಲದಿಂದ ಮೇಲೆ ಬರುವಾಗಲೇ ಅಷ್ಟು ದಪ್ಪ ಇರುತ್ತದೆ. ಈ ಸಲಾಡ್‌ಗೆ ನನಗೆ ಬೆರಳು ಗಾತ್ರದ್ದೇ ಇಷ್ಟ. ಬುಡವನ್ನು ಪಟ್ ಎಂದು ಮುರಿಯುವ ಬದಲು ಎರಡು ಸೆಂಟಿಮೀಟರ್ ಕತ್ತರಿಸಿ, ಕೆಳಗಿನ ಮೂರನೇ ಒಂದು ಭಾಗದ ಸಿಪ್ಪೆಯನ್ನು ಪೀಲರ್‌ನಿಂದ ಹೆರೆದು ತೆಗೆಯಿರಿ. ಮುರಿದರೆ ತಿನ್ನುವ ಭಾಗವೂ ಎಷ್ಟೋ ದಂಡವಾಗುತ್ತದೆ. ಕೊಯ್ದ ಮೇಲೂ ಆಸ್ಪರಾಗಸ್ ಜೋರಾಗಿ ಉಸಿರಾಡುತ್ತಲೇ ಇರುತ್ತದೆ. ಅದರ ಸಿಹಿ ಕಡಿಮೆಯಾಗುತ್ತದೆ, ಬುಡದಿಂದ ನಾರು ಏರುತ್ತಾ ಬರುತ್ತದೆ. ತಂದ ದಿನವೇ ಬೇಯಿಸಲು ಆಗದಿದ್ದರೆ ಲೋಟದಲ್ಲಿ ಬೆರಳಷ್ಟು ನೀರು ಹಾಕಿ ನಿಲ್ಲಿಸಿ ಫ್ರಿಜ್‌ನಲ್ಲಿ ಇಡಿ.

ಬಿಸಿಬಿಸಿಯಾಗಿ ತಿನ್ನುವವರಿಗೆ ಐಸ್ ನೀರು ಬೇಕಿಲ್ಲ. ಬಸಿದು, ಒರೆಸಿ, ಡ್ರೆಸ್ಸಿಂಗ್ ಸುರಿದು ಆಗಲೇ ತಿನ್ನಿ. ಬೆಚ್ಚಗಿನ ದಂಟು ಸಾಸಿವೆಯನ್ನು ಚೆನ್ನಾಗಿ ಹೀರುತ್ತದೆ.

ಬೆರೆಸಿಯೇ ಇಡಬೇಕು, ಬೇರೆ ದಾರಿ ಇಲ್ಲ ಎನ್ನುವವರಿಗೆ ನಾನು ಹೇಳುವುದು ಬಿಳಿ ಆಸ್ಪರಾಗಸ್. ಅದನ್ನು ಮಣ್ಣಿನಡಿ ಬೆಳಕು ತಾಗದಂತೆ ಬೆಳೆಸುತ್ತಾರೆ, ಹಾಗಾಗಿ ಕೆಡಲು ಅದರಲ್ಲಿ ಹಸಿರೇ ಇರುವುದಿಲ್ಲ. ತುದಿಯೊಂದನ್ನು ಬಿಟ್ಟು ಪೂರ್ತಿ ಸಿಪ್ಪೆ ತೆಗೆಯಬೇಕು, ಬೇಯಲು ಹತ್ತು ನಿಮಿಷಕ್ಕಿಂತ ಜಾಸ್ತಿಯೇ ಬೇಕು. ಆದರೆ ಡ್ರೆಸ್ಸಿಂಗ್‌ನಲ್ಲಿ ನೆನೆದಷ್ಟೂ ಅದರ ರುಚಿ ಹೆಚ್ಚುತ್ತದೆ. ಸ್ವಲ್ಪ ಸಾಸಿವೆ ಮಾತ್ರ ಬಡಿಸುವಾಗ ಮತ್ತೆ ಹಾಕಿಕೊಳ್ಳಿ.