ಬಟನ್ ಇನ್ನೂ ಚೆನ್ನಾಗಿತ್ತು

ಸಂಜೆ ಹೊತ್ತು ಹಾಸನದ ಬಿ.ಎಂ. ರಸ್ತೆಯಲ್ಲಿ ಹುಡುಗರು ಸೈಲೆನ್ಸರ್ ಬಿಚ್ಚಿದ ಬೈಕ್ ಓಡಿಸಿಕೊಂಡು ರೊಯ್ಯನೆ ಹೋದರೆ, ನಿಂತು ನಾಲ್ಕು ಮಾತು ಬೈಯುವುದು ನನ್ನ ಹಳೇ ಚಾಳಿ. 'ಅಪ್ಪ ಅಮ್ಮ ಇಲ್ವಾ ಇವಕ್ಕೆ' ಅಂತ ಪಕ್ಕದವರಿಗೂ ಕೇಳುವ ಹಾಗೆ ಹೇಳುತ್ತಿದ್ದೆ. 2024ರ ಏಪ್ರಿಲ್‌ನಿಂದ ಈಚೆಗೆ ಸುಮ್ಮನಾಗಿದ್ದೇನೆ. ನನ್ನ ಸೋದರಳಿಯ ಪಕ್ಕದಲ್ಲಿದ್ದರಂತೂ ಬಾಯಿ ಬಿಡುವುದೇ ಇಲ್ಲ.

ಅವನಿಗೆ ಬೆಂಗಳೂರಿನಲ್ಲಿ ಕೆಲಸ. ಇನ್ನು ಮನೆಯಿಂದಲೇ ಮಾಡಿದರೆ ಸಾಕು ಅಂತ ಕಂಪನಿಯವರು ಹೇಳಿದ್ದರಿಂದ ರೂಮು ಖಾಲಿ ಮಾಡಬೇಕಿತ್ತು. ಸಾಮಾನು ತರಲು ಚಿಕ್ಕಪ್ಪನ ಕಾರು ಕೇಳಿದೆ. 2014ರಲ್ಲಿ ತಗೊಂಡ ಕಾರು. ಓಡಿದ್ದು ಬರೀ 31,000 ಕಿಲೋಮೀಟರ್. ಚಿಕ್ಕಪ್ಪನಿಗೆ ಅದು ದೇವರ ಮನೆ ಸಾಮಾನಿದ್ದ ಹಾಗೆ. ಮದುವೆಗೆ, ಜಾತ್ರೆಗೆ ಮಾತ್ರ ಹೊರಗೆ. ಉಳಿದಂತೆ ಹಿತ್ತಲ ಶೆಡ್ಡಿನಲ್ಲಿ, ಅರ್ಧ ಬಿಸಿಲು ಅರ್ಧ ನೆರಳಿನಲ್ಲಿ. ಕೀ ಕೊಡುವಾಗ ಬಗ್ಗಿ ಟೈರು ತೋರಿಸಿ, 'ನೋಡು, ಬಟನ್ ಇನ್ನೂ ಹೊಸದರ ಥರಾನೇ ಇದೆ' ಅಂದರು. ಬಟನ್ ಅಂದರೆ ನೆಲಕ್ಕೆ ತಾಗುವ ಕಡೆ ಗೀರುಗಳ ನಡುವೆ ಇರುವ ರಬ್ಬರಿನ ಉಬ್ಬು. ನಾನೂ ಉಗುರು ತೂರಿಸಿ ನೋಡಿದೆ. ಹೌದು, ಗೀರುಗಳು ಆಳವಾಗಿಯೇ ಇದ್ದವು. ಆ ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಂಡು ಇರುತ್ತದೆ, ಬಟನ್ ಸವೆದು ಆ ಮಟ್ಟಕ್ಕೆ ಬಂದರೆ, ಅಂದರೆ 1.6 ಮಿಲಿಮೀಟರ್ ಉಳಿದರೆ, ಟೈರಿನ ಕತೆ ಮುಗಿಯಿತು ಅನ್ನುವುದು ನನಗೆ ಗೊತ್ತಿತ್ತು. ಇದರಲ್ಲಿ ಅದರ ನಾಲ್ಕರಷ್ಟು ಉಳಿದಿತ್ತು.

ಬೆಂಗಳೂರಿನಲ್ಲಿ ಡಿಕ್ಕಿಗೂ ಹಿಂದಿನ ಸೀಟಿಗೂ ತುಂಬಿದೆವು. ಹಾಸಿಗೆ, ಎರಡು ಟ್ರಂಕ್ ಪುಸ್ತಕ, ಕಬ್ಬಿಣದ ಟೇಬಲ್, ಜತೆಗೊಂದು 5 ಕೆಜಿ ಗ್ಯಾಸ್ ಸಿಲಿಂಡರ್. ಹಿಂದಿನ ಎಡಚಕ್ರ ಸ್ವಲ್ಪ ಕುಕ್ಕರಿಸಿದಂತೆ ಕಂಡಿತು. ಭಾರಕ್ಕೆ ಇರಬೇಕು, ಹಾಸನದಲ್ಲಿ ನೋಡಿದರಾಯ್ತು ಅಂದುಕೊಂಡೆ. ಪೆಟ್ರೋಲ್ ಬಂಕ್ ಎರಡು ಸಿಕ್ಕವು. ಎರಡರಲ್ಲೂ ಗಾಳಿಯ ಹತ್ತಿರ ಕ್ಯೂ ಇತ್ತು.

ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್ ತನಕ ನಾನು 80ರಲ್ಲೇ ಇದ್ದೆ. ನಾಲ್ಕು ಪಥದ ಆ ರಸ್ತೆಯಲ್ಲಿ 80 ಅಂದರೆ ನಿಂತ ಹಾಗೆ ಅನ್ನಿಸುತ್ತದೆ, ಗೊತ್ತಲ್ವಾ. ಚನ್ನರಾಯಪಟ್ಟಣ ಬೈಪಾಸ್ ದಾಟಿದ ಮೇಲೆ ಹಿಂದಿನಿಂದ ಒಂದು ದೊಡ್ಡ ಬಿಳಿ ಕಾರು ಲೈಟು ಮಿಟುಕಿಸುತ್ತಾ ಬಂದು ಅಂಟಿಕೊಂಡಿತು. ದಾರಿ ಬಿಟ್ಟೆ. ಮುಂದೆ ಹೋದವನು ಬೇಕಂತಲೇ ನಿಧಾನ ಮಾಡಿದ. ನಾನು ದಾಟಿದೆ. ಅವನು ಮತ್ತೆ ದಾಟಿದ. ಅಳಿಯ ಕೂತಲ್ಲೇ ಕುಣಿಯುತ್ತಿದ್ದ. 'ಮಾವ, ಬಿಡ್ಬೇಡಿ! ಈ ಟೈರಿನ ಮೇಲೆ ಟಿ ಅಂತ ಇದೆ, ನಾನು ನೋಡಿದ್ದೀನಿ. 190ರ ತನಕ ತಡೆಯುತ್ತೆ!'

ಅವನ ಮೇಲೆ ಹೊರಿಸುವುದು ಸುಲಭ. ಕಾಲು ನನ್ನದು. 48 ವರ್ಷದ, ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವ ಮನುಷ್ಯನಿಗೆ ಅವತ್ತು ಯಾಕೆ ಅಷ್ಟು ರೋಷ ಬಂತೋ. ಮುಳ್ಳು 120 ದಾಟಿತ್ತು.

ಮೊದಲು ಸ್ಟೇರಿಂಗ್ ಸಣ್ಣಗೆ ನಡುಗಿತು. ರಸ್ತೆ ಒರಟಾಗಿದೆ ಅಂದುಕೊಂಡೆ. ಆಮೇಲೆ ಢಂ! ಸಿಲಿಂಡರೇ ಹೋಯಿತು ಅಂತ ಇಬ್ಬರಿಗೂ ಅನ್ನಿಸಿತು. ಕಾರಿನ ಬಾಲ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಡಿವೈಡರಿನ ಕಣಗಿಲೆ ಗಿಡಗಳು ಮುಖದ ಹತ್ತಿರವೇ ಬಂದು ಹೋದವು. 'ಬ್ರೇಕ್, ಬ್ರೇಕ್' ಅಂತ ಅಳಿಯ ಕಿರುಚಿದ. ನಾನು ಹೊಡೆಯಲಿಲ್ಲ. ಆಮೇಲೆ ಕೇಳಿದವರೆಲ್ಲ 'ಒಳ್ಳೇ ಕೆಲಸ ಮಾಡಿದ್ರಿ, ಟೈರ್ ಸಿಡಿದಾಗ ಬ್ರೇಕ್ ಒತ್ತಿದ್ರೆ ಕಾರು ಪಲ್ಟಿ ಹೊಡೀತಿತ್ತು' ಅಂದರು. ಆದರೆ ಅದು ಬುದ್ಧಿಯಿಂದ ಆದದ್ದಲ್ಲ, ಕಾಲು ಮರಗಟ್ಟಿತ್ತು. ಆಕ್ಸಲರೇಟರ್ ಮೇಲಿಂದ ಅದು ತಾನಾಗಿ ಜಾರಿತು, ಬ್ರೇಕಿನ ಮೇಲೆ ಹೋಗಲೇ ಇಲ್ಲ. ಕೈ ಮಾತ್ರ ಸ್ಟೇರಿಂಗನ್ನು ಬಾವಿಗೆ ಬಿದ್ದವನು ಹಗ್ಗ ಹಿಡಿದ ಹಾಗೆ ಹಿಡಿದಿತ್ತು. ಕಾರು ತನ್ನಷ್ಟಕ್ಕೆ ವೇಗ ಕಳೆದುಕೊಂಡು, ರಿಮ್ಮು ಡಾಂಬರು ಕೆರೆಯುತ್ತಾ ಎಡ ಅಂಚಿಗೆ ಬಂದು ನಿಂತಿತು. ಬಿಳಿ ಕಾರಿನವನು ಹೋಗೇಬಿಟ್ಟಿದ್ದ.

ಇಳಿದೆವು. ಸುಟ್ಟ ರಬ್ಬರಿನ ವಾಸನೆ. ಟೈರಿನ ಪಕ್ಕದ ಗೋಡೆ ಪೂರ್ತಿ ಹರಿದು, ಒಳಗಿನ ನೂಲು ತೆಂಗಿನ ನಾರಿನ ಹಾಗೆ ಹೊರಗೆ ಬಂದಿತ್ತು. ಆದರೆ ಬಟನ್ ಹಾಗೇ ಇತ್ತು! ಒಂದು ಗೀರೂ ಕೆಟ್ಟಿರಲಿಲ್ಲ.

ಸ್ಟೆಪ್ನಿ ತೆಗೆಯಲು ಅರ್ಧ ರೂಮನ್ನು ರಸ್ತೆ ಪಕ್ಕ ಇಳಿಸಬೇಕಾಯಿತು. ತೆಗೆದರೆ ಅದರಲ್ಲೂ ಗಾಳಿ ಇಲ್ಲ. ಅಳಿಯ ಅದನ್ನು ಎಳನೀರು ತುಂಬಿದ್ದ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಪಂಚರ್ ಅಂಗಡಿ ಹುಡುಕಿ ಹೋದ. ನಾನು ಹಾಸಿಗೆಯ ಮೇಲೆ ಕೂತೆ. ಎದುರಿಗೆ, ಎಣಿಸಿದರೆ ನೂರು ಹೆಜ್ಜೆ ಆದೀತು, ಡಿವೈಡರಿನಲ್ಲಿ ಒಂದು ಸಂದು. ಸ್ವಲ್ಪ ಹೊತ್ತಿಗೆ ಒಬ್ಬ ಅಜ್ಜಿ ಎರಡು ಹಸು ಹೊಡೆದುಕೊಂಡು ಆ ಸಂದಿನಿಂದ ಈಚೆಗೆ ದಾಟಿದಳು. ನಿಧಾನಕ್ಕೆ, ಅತ್ತಿತ್ತ ನೋಡದೆ. ನನ್ನ ಹತ್ತಿರ ಬಂದು ಹಾಸಿಗೆ, ಟೇಬಲ್, ಸಿಲಿಂಡರ್ ಎಲ್ಲ ನೋಡಿ, 'ಯಾಕಪ್ಪ, ಮನೆ ಖಾಲಿ ಮಾಡ್ಸುದ್ರಾ?' ಅಂತ ಕೇಳಿದಳು. ನನಗೆ ಮಾತೇ ಹೊರಡಲಿಲ್ಲ. 120 ಅಂದರೆ ಸೆಕೆಂಡಿಗೆ 33 ಮೀಟರ್. ಆ ಸಂದು ನನಗೆ ಎರಡೇ ಎರಡು ಸೆಕೆಂಡಿನ ದೂರದಲ್ಲಿತ್ತು.

ಸ್ಟೆಪ್ನಿ ಹಾಕಿಕೊಂಡು 40ರಲ್ಲಿ ತೆವಳುತ್ತಾ ಶಾಂತಿಗ್ರಾಮ ಟೋಲ್ ದಾಟಿ ಹಾಸನ ಸೇರಿದಾಗ ಕತ್ತಲಾಗಿತ್ತು. ಮರುದಿನ ಬೆಳಿಗ್ಗೆ ಟೈರ್ ಅಂಗಡಿಗೆ ಹೋದೆ. ಅಂಗಡಿಯವನು ಬಟನ್ ಕಡೆ ಕಣ್ಣೂ ಹಾಯಿಸಲಿಲ್ಲ. ಪಕ್ಕದ ಗೋಡೆಯ ಧೂಳು ಒರೆಸಿ, ಡಿ.ಓ.ಟಿ. ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತೋರಿಸಿದ. 3414. 'ಇದು ಇದರ ಜಾತಕ ಸಾರ್. 2014ನೇ ಇಸವಿ, 34ನೇ ವಾರ.' ಅಂದರೆ ಆಗಸ್ಟ್. ಒಂಬತ್ತೂವರೆ ವರ್ಷ ದಾಟಿತ್ತು. ಐದು ವರ್ಷ ಆದ ಮೇಲೆ ವರ್ಷವರ್ಷ ತೋರಿಸಬೇಕು, ಹತ್ತಾದರೆ ಹೇಗೇ ಇರಲಿ ಬಿಸಾಕಬೇಕು ಅಂತ ತಯಾರಕರೇ ಹೇಳುತ್ತಾರಂತೆ. ಉಳಿದ ಟೈರೊಂದನ್ನು ಎರಡೂ ಹೆಬ್ಬೆರಳಲ್ಲಿ ಒತ್ತಿ ಹಿಡಿದ. ಕಪ್ಪಗೆ ನುಣ್ಣಗಿದ್ದ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕುಗಳು ಬಾಯಿ ತೆರೆದವು, ಬೇಸಿಗೆಯ ಕೆರೆ ಅಂಗಳದ ಹಾಗೆ. ಬೆರಳು ಬಿಟ್ಟರೆ ಮಾಯ.

'ಇದು ಓಡಿ ಹಾಳಾಗಿದ್ದಲ್ಲ, ನಿಂತು ಹಾಳಾಗಿದ್ದು' ಅಂದ.

ಟಿ ಅನ್ನುವ ಅಕ್ಷರದ ಬಗ್ಗೆ ಅಳಿಯ ಕೇಳಿದ. 190 ಅನ್ನುವುದು ನಿಜವೇ, ಆದರೆ ಅದು ಸರಿಯಾಗಿ ಗಾಳಿ ಇರುವ, ಮಿತಿಯೊಳಗೆ ಭಾರ ಹೊತ್ತ, ಗಟ್ಟಿ ಟೈರಿನ ಮಾತು. ಅಂಗಡಿಯವನು ಮೇಜಿನ ಮೇಲಿದ್ದ ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸಿ ಅವನ ಕೈಗೆ ಕೊಟ್ಟ. ಬಗ್ಗಿದ ಜಾಗ ಬಿಸಿ. ಗಾಳಿ ಕಮ್ಮಿ ಇದ್ದು ಭಾರ ಜಾಸ್ತಿ ಆದರೆ ಟೈರಿನ ಗೋಡೆಯೂ ಪ್ರತಿ ಸುತ್ತಿಗೆ ಹೀಗೇ ಬಗ್ಗುತ್ತದೆ. ಅಳಿಯ ಮೊಬೈಲಿನಲ್ಲಿ ಲೆಕ್ಕ ಹಾಕಿ, ಆ ವೇಗದಲ್ಲಿ ನಮ್ಮ ಚಕ್ರ ಸೆಕೆಂಡಿಗೆ 17 ಸುತ್ತು ತಿರುಗುತ್ತಿತ್ತು ಅಂದ. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ. ಡ್ರೈವರ್ ಬಾಗಿಲು ತೆಗೆದರೆ ಒಳಗಿನ ಕಂಬದ ಮೇಲೆ ಒಂದು ಸ್ಟಿಕ್ಕರ್ ಇತ್ತು. ಸಾಮಾನು ತುಂಬಿದಾಗ ಹಿಂದಿನ ಚಕ್ರಕ್ಕೆ ಎಷ್ಟು ಗಾಳಿ ಜಾಸ್ತಿ ಬೇಕು ಅಂತ ಅದರಲ್ಲೇ ಬರೆದಿತ್ತು. ನಾನು ಯಾವತ್ತೂ ಬಂಕಿನಲ್ಲಿ '30 ಹೊಡಿಯಪ್ಪ' ಅಂದು ಮುಗಿಸುವವನು.

ನಾಲ್ಕೂ ಟೈರು ಹೊಸದು ಹಾಕಿಸಿದೆ. 18,000 ಆಯಿತು. ಚಿಕ್ಕಪ್ಪ ಅರ್ಧ ಕೊಡುತ್ತೇನೆ ಅಂದರು, ನಾನು ಬೇಡ ಅಂದೆ. ಹಳೆಯ ಟೈರುಗಳನ್ನು ಮಾತ್ರ ಅಂಗಡಿಯಲ್ಲಿ ಬಿಡಲು ಅವರಿಗೆ ಮನಸ್ಸು ಬರಲಿಲ್ಲ. ಮನೆಗೆ ತಂದು ಒಂದನ್ನು ಹಿತ್ತಲ ಹಲಸಿನ ಮರಕ್ಕೆ ಕಟ್ಟಿ ಮೊಮ್ಮಗಳಿಗೆ ಉಯ್ಯಾಲೆ ಮಾಡಿದ್ದಾರೆ. ಮೊನ್ನೆ ಹೋದಾಗ ಅದನ್ನು ನಿಲ್ಲಿಸಿ, ಗೀರಿನಲ್ಲಿ ಉಗುರು ತೂರಿಸಿ, 'ಏನೇ ಹೇಳು, ಬಟನ್ ಇನ್ನೂ ಹೇಗಿದೆ ನೋಡು' ಅಂದರು.